ನಾಣ್ಯದ ಪೆಟ್ಟಿಗೆಗೆ ಅರಿಶಿನ ಕುಂಕುಮ

ನಮ್ಮ ಬಳ್ಳಾರಿಯಲ್ಲಿ ಹತ್ತು ರೂಪಾಯಿ ನಾಣ್ಯ ಕೊಟ್ಟರೆ ಅಂಗಡಿಯವರು ಅದನ್ನು ಸತ್ತ ಹಲ್ಲಿ ನೋಡಿದ ಹಾಗೆ ನೋಡುತ್ತಾರೆ. "ಇದು ನಡಿಯಂಗಿಲ್ರಿ" ಅನ್ನುತ್ತಾರೆ. ಯಾಕೆ ಅಂತ ಕೇಳಿದರೆ ಅವರಿಗೂ ಗೊತ್ತಿಲ್ಲ. ಇಂಥ ಊರಿನಲ್ಲಿ ನಾನು ಹೊಟ್ಟೆ ಹೊರೆಯುವುದು ಹತ್ತು ರೂಪಾಯಿ ನಾಣ್ಯ ಹಾಕಿದರೆ ಮಾತ್ರ ನೀರು ಬಿಡುವ ಪೆಟ್ಟಿಗೆಗಳನ್ನು ಕೂಡಿಸಿ, ಕೆಟ್ಟಾಗ ರಿಪೇರಿ ಮಾಡಿ. ಯೋಚನೆ ಮಾಡಿ ಹಿಡಿದ ಕಸುಬಲ್ಲ. ಮೊದಲು ಅಂಗಡಿಗಳ ಮುಂದಿನ ಒಂದು ರೂಪಾಯಿ ಫೋನುಗಳನ್ನು ರಿಪೇರಿ ಮಾಡುತ್ತಿದ್ದೆ. ಎಲ್ಲರ ಜೇಬಿಗೂ ಮೊಬೈಲು ಬಂತು, ಆ ಫೋನುಗಳು ಗುಜರಿಗೆ ಹೋದವು. ಆಮೇಲೆ ಹಳ್ಳಿಗಳಲ್ಲಿ ಕುಡಿಯುವ ನೀರಿನ ಘಟಕಗಳು ಬಂದವು, ಅವುಗಳ ಜೊತೆ ಕಾಯಿನ್ ಬಾಕ್ಸೂ ಬಂತು. ರೂಪನಗುಡಿಯ ಘಟಕದ ಪೆಟ್ಟಿಗೆಯಿಂದ ವಾಶರು, ಅಂಗಿ ಗುಂಡಿ, ಒಂದು ಬೆಳ್ಳಿ ಕಾಲುಂಗುರ ತೆಗೆದಿದ್ದೇನೆ. ಕಾಲುಂಗುರ ಯಾರದೆಂದು ಕೇಳಿದೆ. ಇಡೀ ಓಣಿಯಲ್ಲಿ ಯಾರದೂ ಅಲ್ಲ.

ಈಗ ಗಾಡಿ ತೊಳೆಯುವ ಶೆಡ್ಡುಗಳ ಕಾಲ. ನಾಣ್ಯ ಹಾಕಿ, ನೀರು ಚಿಮ್ಮುವ ಗನ್ನು ಹಿಡಿದು, ನಿಮ್ಮ ಗಾಡಿ ನೀವೇ ತೊಳೆದುಕೊಳ್ಳಿ ಅನ್ನುವ ಪದ್ಧತಿ. ಕುರುಗೋಡಿನಲ್ಲಿ ಮೊದಲನೆಯದನ್ನು ಕೂಡಿಸಿದೆ. ನಾಣ್ಯ ಬಿದ್ದ ಕೂಡಲೇ ಟೈಮರು ಓಡುತ್ತದೆ. ನಮ್ಮ ಜನ ನಾಣ್ಯ ಹಾಕುತ್ತಾರೆ, ಆಮೇಲೆ ಪ್ಯಾಂಟು ಮಡಚುತ್ತಾರೆ, ಚಪ್ಪಲಿ ಬಿಡುತ್ತಾರೆ, ಕಾರಿನೊಳಗಿರುವ ಹೆಂಡತಿಗೆ ಗ್ಲಾಸು ಏರಿಸು ಅನ್ನುತ್ತಾರೆ, ಅವಳು ಯಾವ ಗುಂಡಿ ಒತ್ತಲಿ ಅನ್ನುತ್ತಾಳೆ. ಅಷ್ಟರಲ್ಲಿ ನೀರು ನಿಂತಿರುತ್ತದೆ. ಆಗ ಬಳ್ಳಾರಿಗೆ, ನನಗೆ ಫೋನು.

"ಅಕ್ಕಾರ, ನಿಮ್ಮ ಮಷಿನ್ ಕಳ್ಳ ಐತಿ."

"ಮಷಿನ್ ಕಳ್ಳ ಅಲ್ರಿ, ನೀವು ನಿಧಾನ" ಅಂದೆ. ನನ್ನ ಬಾಯಿ ಸ್ವಲ್ಪ ಹಾಗೇ. ಆ ಶೆಡ್ಡಿನವರು ಈಗ ನನ್ನೊಂದಿಗೆ ಮೆಸೇಜಿನಲ್ಲಿ ಮಾತ್ರ ಮಾತಾಡುತ್ತಾರೆ.

ಸಿರುಗುಪ್ಪದ ಶೆಡ್ಡು ಒಬ್ಬ ಅಕ್ಕಿ ಗಿರಣಿಯ ಸಾಹುಕಾರರದು. ಮೊದಲು ಅಲ್ಲಿ ಮಾಮೂಲಿ ವಾಟರ್ ಸರ್ವಿಸ್ ಇತ್ತು. ಸಾಹುಕಾರರು ಹೈದರಾಬಾದಿಗೆ ಮದುವೆಗೆ ಹೋದಾಗ ನಾಣ್ಯದ ಶೆಡ್ಡು ನೋಡಿ ಬಂದು ನನ್ನನ್ನು ಕರೆಸಿದರು.

"ಮನುಷ್ಯಾರೇ ಬ್ಯಾಡ ಅಕ್ಕಾರ" ಅಂದರು. "ಗಿರಾಕಿ ಬರ್ತಾನ, ಕಾಯಿನ್ ಹಾಕ್ತಾನ, ತೊಳಕೊಂತಾನ, ಹೋಗ್ತಾನ."

ಹಾಗೆ ಅಂದಾಗ ಅವರ ಬೆನ್ನ ಹಿಂದೆಯೇ ಒಬ್ಬ ಮನುಷ್ಯ ನಿಂತಿದ್ದರು. ಆ ವಾಟರ್ ಸರ್ವಿಸ್ ಶುರುವಾದಾಗಿನಿಂದ ಅಲ್ಲಿ ಗಾಡಿ ತೊಳೆಯುತ್ತಿದ್ದವರು. ಎಲ್ಲರೂ ಕಾಕಾ ಅನ್ನುತ್ತಿದ್ದರು. ದೇಶನೂರಿನ ಗದ್ದೆಗಳಿಂದ ಬರುವ ಟ್ರ್ಯಾಕ್ಟರುಗಳ ಕೆಸರನ್ನು ಕಾಕಾ ಕೈಯಿಂದಲೇ ಕಿತ್ತು ಕಿತ್ತು ಅವರ ಉಗುರುಗಳು ಯಾವ ಸೋಪಿಗೂ ಬೆಳ್ಳಗಾಗದಂತಾಗಿದ್ದವು. ಸಾಹುಕಾರರು ಅವರಿಗೆ ಒಂದು ಮಾತು ಹೇಳಿದ್ದರು: ದಸರಾ ತನಕ ಇರು, ತೊಳೆಯುವುದು ಹೇಗೆ ಅಂತ ಜನಕ್ಕೆ ಕಲಿಸು, ಅವರು ಕಲಿತ ಮೇಲೆ ಮನೆಗೆ ಹೋಗು. ಅಂದರೆ ತನ್ನ ಕೆಲಸವನ್ನು ಊರಿಗೆಲ್ಲ ಕಲಿಸಿ ತಾನು ಕೆಲಸ ಕಳೆದುಕೊಳ್ಳಬೇಕು. ಕಾಕಾ ಅದನ್ನು ಮನಸ್ಸಿಟ್ಟು ಮಾಡುತ್ತಿದ್ದರು. ನನಗೆ ಸಿಟ್ಟು ಬರುತ್ತಿದ್ದದ್ದೇ ಅದಕ್ಕೆ.

ಪೆಟ್ಟಿಗೆ ಕೂಡಿಸುವಾಗ ಕಾಕಾ ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದರು.

"ತಂಗೀ, ಇದು ಕೆಡತೈತೇನು?"

"ಕೆಡತೈತಿ ಕಾಕಾ. ಕೆಡದಿದ್ರ ನನ್ನ ಗತಿ ಏನು?"

"ಹಂಗಾರ ನಿನ್ನ ಕೆಲಸ ಗಟ್ಟಿ ಐತಿ ಬಿಡು" ಅಂದರು. "ನಾ ಮನಿಯಾಗ ಕುಂತು ಏನ್ ಮಾಡ್ಲಿ? ನನಗ ಇದೊಂದ ಬರೋದು."

ಸ್ಕ್ರೂಡ್ರೈವರು ಕೊಡ್ರಿ ಅಂದೆ.

ಜನ ಕಲಿತರು. ಗೊಣಗುತ್ತಲೇ ಕಲಿತರು. "ನಾವೇ ತೊಳಕೊಳ್ಳೋದಾದ್ರ ರೊಕ್ಕ ಯಾಕ ಕೊಡಬೇಕು?" ಅಂತ ಕೇಳಿದವರೂ ಲುಂಗಿ ಎತ್ತಿ ಕಟ್ಟಿ ಗನ್ನು ಹಿಡಿದರು. ಸಾಹುಕಾರರು ಗಾಜಿನ ಕೋಣೆಯಲ್ಲಿ ಕೂತು ನೋಟಿಗೆ ನಾಣ್ಯ ಕೊಡುತ್ತಿದ್ದರು. ಕಾಕಾ ಕೈ ಹಿಂದೆ ಕಟ್ಟಿಕೊಂಡು ನಿಂತು "ಗಾಲಿ ಒಳಗ ಹೊಡಿ, ಒಳಗ" ಅನ್ನುತ್ತಿದ್ದರು. ತಾವೇನಾದರೂ ಗನ್ನು ಮುಟ್ಟಿದರೆ ಒಳಗಿನಿಂದ ಗಾಜಿನ ಮೇಲೆ ಟಕ್ ಟಕ್ ಅಂತ ಸದ್ದಾಗುತ್ತಿತ್ತು.

ಆಯುಧ ಪೂಜೆಯ ದಿನ ಬೆಳಿಗ್ಗೆ ಸಾಹುಕಾರರ ಫೋನು. "ಅಕ್ಕಾರ, ಎಲ್ಲಾ ನಿಂತೈತಿ. ಕಾಯಿನ್ ಹಾಕಿದ್ರ ಉಗುಳತೈತಿ. ಗಾಡಿ ರಸ್ತಾ ತನಕ ನಿಂತಾವ. ಜಲ್ದಿ ಬರ್ರಿ." ವರ್ಷದಲ್ಲಿ ಇಡೀ ತಾಲ್ಲೂಕು ಗಾಡಿ ತೊಳೆಯುವ ದಿನ ಅದೊಂದೇ. ನಮ್ಮ ಮನೆಯಲ್ಲಿ ಹೋಳಿಗೆಗೆ ಬೇಳೆ ಬೇಯುತ್ತಿತ್ತು. ಅದನ್ನು ಅತ್ತೆಗೆ ಒಪ್ಪಿಸಿ, ಅವರ ಮುಖ ನೋಡದೆ, ಬಸ್ಸು ಹತ್ತಿದೆ. ಬಸ್ಸಿನ ಮುಂದೆ ಬಾಳೆಕಂಬ ಕಟ್ಟಿದ್ದರು. ಡ್ರೈವರಿಗೆ ಅರ್ಧ ರಸ್ತೆ ಕಾಣುತ್ತಿರಲಿಲ್ಲ. ತೆಕ್ಕಲಕೋಟೆಯಲ್ಲಿ ಒಂದು ಎಮ್ಮೆ ಉಳಿದದ್ದು ಅದರ ಪುಣ್ಯ.

ಶೆಡ್ಡಿಗೆ ಹೋಗಿ ಪೆಟ್ಟಿಗೆ ತೆಗೆದೆ. ಅಯ್ಯೋ ಶಿವನೇ. ನಾಣ್ಯ ಇಳಿಯುವ ಸಂದಿಯಲ್ಲಿ ಅರಿಶಿನ ಕುಂಕುಮ ಕಲಸಿದ ಮುದ್ದೆ, ಸೆನ್ಸರಿನ ಕಣ್ಣಿಗೆ ಅಂಟಿಕೊಂಡ ಅಕ್ಷತೆ, ಚೆಂಡುಹೂವಿನ ಎಸಳು, ಮೇಲೆ ಒಂದಿಷ್ಟು ಕರ್ಪೂರದ ಮಸಿ.

"ಇದ್ಯಾರು ಮಾಡಿದ್ದು?" ಅಂತ ಕೂಗಿದೆ.

"ನಾನ ತಂಗೀ" ಅಂದರು ಕಾಕಾ. ಆ ದಿನ ಅವರು ಹೊಸ ಅಂಗಿ ಹಾಕಿದ್ದರು, ಮಡಿಕೆಯ ಗೆರೆ ಇನ್ನೂ ಹೋಗಿರಲಿಲ್ಲ. "ನಸಿಕಿನ್ಯಾಗ, ಇನ್ನಾ ಕತ್ತಲಿದ್ದಾಗನ ಬಂದು ಪೂಜಿ ಮಾಡಿದೆ. ದುಡಿಯೋ ಸಾಮಾನಲ್ಲಾ? ಚೆಂದಾಗಿ ನಡೀಯವ್ವಾ, ನನ್ನ ಹೊಟ್ಟಿ ಮ್ಯಾಲ ಮಾತ್ರ ಹೊಡೀಬ್ಯಾಡ ಅಂತ ಬೇಡಿಕೊಂಡೆ."

ಸಾಹುಕಾರರಿಗೆ ಕೊನೆಯ ಮಾತೊಂದೇ ಕೇಳಿಸಿತು. "ನೋಡ್ರಿ, ಬೇಕಂತನ ಮಾಡ್ಯಾನ! ಮಷಿನ್ ಕೆಟ್ರ ತನ್ನ ಕೆಲಸ ಉಳಿತೈತಂತ. ಲೇ ಮುದುಕಾ, ನಡಿ ಇಲ್ಲಿಂದ. ಇವತ್ತಿಂದನ ಬ್ಯಾಡ ನೀನು."

ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡಿದರು. ಕಾಕಾ ರಸ್ತೆ ದಾಟಿ ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ ಹೋಗಿ ಕೂತರು. ನಾನು ಸಾಹುಕಾರರ ಕಡೆ ತಿರುಗಿದೆ.

"ಕೆಡಸೋರು ಗೋಂದು ಹಾಕ್ತಾರ್ರೀ, ಆರತಿ ಎತ್ತಂಗಿಲ್ಲ" ಅಂದೆ.

"ನೀವು ನಿಮ್ಮ ಕೆಲಸ ನೋಡ್ರಿ."

ನೋಡಿದೆ. ಹಲ್ಲುಜ್ಜುವ ಬ್ರಶ್ಶು, ಸ್ಪಿರಿಟ್ಟು, ಹತ್ತಿ. ಅಕ್ಷತೆಯನ್ನು ಹೇರ್‌ಪಿನ್ನಿನಿಂದ ಎಬ್ಬಿಸಿದೆ. ನಾಣ್ಯ ಹಾಕಿದೆ, ನೀರು ಬಂತು. ಸಾಹುಕಾರರು ಸಾಲಿನ ಕಡೆ ತಿರುಗಿ ಕೈ ಬೀಸಿದರು. "ಬರ್ರಿ, ಬರ್ರಿ!"

ಯಾರೂ ಬರಲಿಲ್ಲ.

ಮೊದಲನೆಯ ಜೀಪಿನವರು ಬೆಳ್ಳನೆಯ ಜರಿ ಪಂಚೆ ಉಟ್ಟಿದ್ದರು. ಎರಡನೆಯ ಕಾರಿನಲ್ಲಿ ರೇಷ್ಮೆ ಸೀರೆಗಳು. ಟ್ರ್ಯಾಕ್ಟರು ತಂದವನಿಗೂ ಇಸ್ತ್ರಿ ಅಂಗಿ. ಎಲ್ಲರೂ ತಲೆಗೆ ಎಣ್ಣೆ ಹಚ್ಚಿ ಸ್ನಾನ ಮಾಡಿ ಹೊಸ ಬಟ್ಟೆಯಲ್ಲಿ ಬಂದವರು. ಇಲ್ಲಿಂದ ನೆಟ್ಟಗೆ ಗುಡಿಗೆ.

"ಹೊಸ ಬಟ್ಟಿ ಅದಾವ್ರಿ" ಅಂದರು ಜೀಪಿನವರು. "ಕಾಕಾ ತೊಳೀತಾನಂತ ಬಂದೀವಿ. ಎಲ್ಲಿ ಕಾಕಾ?"

ಸಾಹುಕಾರರು ತಮ್ಮ ರೇಷ್ಮೆ ಅಂಗಿ ನೋಡಿಕೊಂಡರು. ಆಮೇಲೆ ನನ್ನನ್ನು ನೋಡಿದರು. ನಾನು ಸೀರೆಯ ಸೆರಗು ಸರಿಮಾಡಿಕೊಂಡೆ. ಕೊನೆಗೆ ಅವರೇ ರಸ್ತೆ ದಾಟಿದರು. ನಾನೂ ಹಿಂದೆ ಹೋದೆ. ಚಹಾ ಕುಡಿಯಬೇಕಿತ್ತು.

"ಬಾ, ಗಾಡಿ ನಿಂತಾವ."

"ಇವತ್ತು ಬರ್ತೀನ್ರಿ" ಅಂದರು ಕಾಕಾ. "ನಾಳಿ?"

"ನಾಳೀದು ನಾಳಿ ನೋಡೋಣು."

ಕಾಕಾ ಬಸಿಗೆ ಚಹಾ ಸುರುವಿಕೊಂಡು ಊದಿದರು. ಆಚೆಯಿಂದ ಹಾರ್ನು ಶುರುವಾಯಿತು.

"ಆತು, ನಾಳೀನೂ ಬಾ."

"ಹಬ್ಬ ಮುಗದ ಮ್ಯಾಲ?"

"ಇರಪಾ, ದಿನಾ ಇರು! ಸಾಕಾ?"

ಕಾಕಾ ಬಸಿ ಕೆಳಗಿಟ್ಟರು. "ಅಲ್ಲಿ ಬಂದು ಎಲ್ಲಾರ ಮುಂದ ಅನ್ರಿ ಸಾವಕಾರ್ರ. ಹೋಗು ಅಂದಿದ್ದೂ ಎಲ್ಲಾರ ಮುಂದನ."

ಕಾಕಾಗೆ ಇಷ್ಟು ಮಾತು ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ಸಾಹುಕಾರರು ಶೆಡ್ಡಿನ ನಡುವೆ ನಿಂತು ಅಂದರು: "ಕಾಕಾ ಇನ್ನ ಮ್ಯಾಲ ಇಲ್ಲೇ ಇರ್ತಾನ. ದಿನಾ. ಕೇಳಿಸ್ತೇನ್ರೀ?"

"ಕೇಳಿಸ್ತು, ಕೇಳಿಸ್ತು" ಅಂದರು ಜೀಪಿನವರು. "ಮದ್ಲ ಗಾಡಿ ತೊಳಸ್ರಿ."

ಕಾಕಾ ಹೊಸ ಅಂಗಿಯ ಗುಂಡಿ ಒಂದೊಂದಾಗಿ ಬಿಚ್ಚಿದರು. ಮಡಿಕೆಯ ಗೆರೆ ಹಿಡಿದು ಮಡಚಿದರು. ಇಡಲು ಅಲ್ಲಿ ಒಂದು ಒಣ ಜಾಗವೂ ಇರಲಿಲ್ಲ.

"ಹಿಡ್ಕೋರಿ" ಅಂತ ಸಾಹುಕಾರರ ಕೈಗೆ ಕೊಟ್ಟು ಗನ್ನು ಎತ್ತಿಕೊಂಡರು.

ಸಾಹುಕಾರರು ಮಧ್ಯಾಹ್ನದ ತನಕ ಅದನ್ನು ತೋಳಿನ ಮೇಲೆ ಹಾಕಿಕೊಂಡೇ ನಿಂತಿದ್ದರು, ನೀರು ಸಿಡಿಯದಷ್ಟು ದೂರದಲ್ಲಿ.