ಅವ್ವ ಹಿಡಿದ ಪಥ್ಯ

ನನ್ನ ತಮ್ಮನಿಗೆ ನೆಲ್ಲಿಕಾಯಿಯ ಹುಚ್ಚು ಹಿಡಿದದ್ದು ಮೊಬೈಲಿನಿಂದ. ಅದರಲ್ಲಿರುವ ಆಂಟಿಆಕ್ಸಿಡೆಂಟು ಕುಡಿಯುವವರ ಲಿವರನ್ನೂ ಕಾಪಾಡುತ್ತದೆ ಎಂದು ಯಾರೋ ಪುಣ್ಯಾತ್ಮ ವಿಡಿಯೊ ಮಾಡಿ ಬಿಟ್ಟಿದ್ದ. ಇವನಿಗೆ ಅಷ್ಟೇ ಸಾಕಾಯಿತು. ಬೆಳಿಗ್ಗೆ ಎದ್ದವನೇ ನೆಲ್ಲಿಕಾಯಿ ರಸ. ಸಂಜೆ ಸಿಂಧನೂರಿನ ರೈಸ್‌ಮಿಲ್ಲಿನಿಂದ ಸಾಲಗುಂದದ ಮನೆಗೆ ಬರುವ ದಾರಿಯಲ್ಲಿ ಎಂದಿನಂತೆ ಬಾಟ್ಲಿ. ಕಣ್ಣು ಹಳದಿಯಾದರೂ ಧೈರ್ಯ ಮಾತ್ರ ಏರುತ್ತಲೇ ಇತ್ತು.

ನಾನು ಮಸ್ಕಿಯಿಂದ ಓಡಿ ಬಂದು ಬೈದೆ, ಅತ್ತೂ ನೋಡಿದೆ.

"ಯಕ್ಕಾ, ಮುಂಜಾನಿ ತೊಳಕೊಂಡೇ ಸಂಜಿಗಿ ಕುಡೀತೀನಿ. ನೀ ಯಾಕ ಅಂಜ್ತಿ?" ಎಂದ.

ಆ ರಸದ ಗ್ಲಾಸು ಅವನ ತಲೆಗೇ ಕುಕ್ಕಬೇಕೆನಿಸಿತು. ಎಳೆದುಕೊಂಡು ಲಿಂಗಸುಗೂರಿನ ಡಾಕ್ಟರ ಹತ್ತಿರ ಹೋದೆ. ನೆಲ್ಲಿಕಾಯಿ ಒಳ್ಳೆಯದೇ, ಆದರೆ ಕುಡಿತದ ಎದುರು ಅದರ ಆಟ ನಡೆಯುವುದಿಲ್ಲ ಎಂದರು ಅವರು. ಲಿವರ್ ಬಾತಿದೆ, ಈಗ ಬಿಟ್ಟರೆ ಜೀವ ಉಳಿಯುತ್ತದೆ. ಒಮ್ಮೆಗೇ ಬಿಟ್ಟರೆ ನಡುಕ ಬರುತ್ತದೆ, ಅದಕ್ಕೆ ಕೆಲವು ದಿನ ಇಲ್ಲೇ ಇರಲಿ, ಉಪ್ಪು ಕಡಿಮೆ ಮಾಡಲಿ ಎಂದೂ ಹೇಳಿದರು. ನನ್ನ ತಮ್ಮ ಸಾಹೇಬರು ಮುಂದಿನ ವಾರ ಬರುತ್ತೇನೆಂದು ಎದ್ದು ಬಂದರು.

ನಮ್ಮ ಕಡೆ ಕಾಮಾಲೆಗೆ ಔಷಧ ಕೊಟ್ಟರೆ ಪಥ್ಯವೂ ಉಂಟು. ಉಪ್ಪು, ಖಾರ, ಎಣ್ಣೆ, ಹೆಂಡ ಯಾವುದೂ ಇಲ್ಲ. ಮೊಲೆಕೂಸಿಗೆ ಕೊಟ್ಟರೆ ಪಥ್ಯ ಮಾಡುವವಳು ತಾಯಿ. ಮರುದಿನ ಅವ್ವ ಮಗನ ಕೈಗೆ ನೆಲ್ಲಿಕಾಯಿ ರಸ ಕೊಟ್ಟು, ತಾನು ಉಪ್ಪು ಖಾರವಿಲ್ಲದ ಬೇಳೆ ಬಡಿಸಿಕೊಂಡು ಕುಳಿತಳು.

"ಔಷಧ ನೀ ಕುಡಿ. ಪಥ್ಯ ನಾ ಮಾಡ್ತೀನಿ."

ಮೀಸೆ ನರೆತ ಗಂಡಸಿಗೆ ಕೂಸಿನ ಪಥ್ಯ! ತಮ್ಮ ನಕ್ಕ. ಸಂಜೆ ಕುಡಿದೇ ಬಂದ. ಅವ್ವ ಮತ್ತೆ ಅದೇ ಸಪ್ಪೆ ಬೇಳೆ ಉಂಡಳು. ಖಾರವಿಲ್ಲದೆ ತುತ್ತು ಇಳಿಯದ ಹೆಂಗಸು, ನೀರು ಕುಡಿದು ಕುಡಿದು ನುಂಗುತ್ತಿದ್ದಳು. ನೋಡುತ್ತ ನೋಡುತ್ತ ಅವನ ನಗು ಅಡಗಿತು. ವಾರ ತುಂಬುವ ಮೊದಲೇ, "ಯಕ್ಕಾ, ದವಾಖಾನಿಗೆ ನಡಿ" ಎಂದ.

ಅಲ್ಲಿ ನಡುಗಿದ, ಬೆವೆತ, ನನ್ನನ್ನೂ ಬೈದ. ಆದರೆ ಎದ್ದು ಬರಲಿಲ್ಲ. ಮನೆಗೆ ಬಂದ ಮೇಲೂ ಬಾಟ್ಲಿ ಮುಟ್ಟಲಿಲ್ಲ. ಅವ್ವ ಮಾತ್ರ ನಂಬದೆ ತನ್ನ ಪಥ್ಯ ನಡೆಸಿಯೇ ಇದ್ದಳು.

ಕೆಲವು ತಿಂಗಳ ಮೇಲೆ ಮತ್ತೆ ತೋರಿಸಿದಾಗ, ಬಾವು ಇಳಿದಿದೆ ಎಂದರು ಡಾಕ್ಟರು. ಬಸ್‌ಸ್ಟ್ಯಾಂಡಿನಲ್ಲಿ ಇವನು ಅವ್ವನಿಗೆ ಫೋನ್ ಹಚ್ಚಿದ.

"ಯವ್ವಾ," ಎಂದ, "ಇವತ್ತ ನಿನ್ನ ಬ್ಯಾಳಿಗಿ ಉಪ್ಪು ಹಾಕ್ಕೋ. ನನ್ನ ಪಥ್ಯ ನಾನೇ ಮಾಡ್ತೀನಿ."