ಮಾತಿನಿಂದ ಬಿಗಿದ ಸ್ಕ್ರೂ

ಜೇವರ್ಗಿ, ಅಫಜಲಪುರ, ಆಳಂದ ತಾಲೂಕುಗಳ ಯಾವ ಗ್ಯಾರೇಜಿಗೆ ಹೋದರೂ, ಲಾರಿಯ ಕೆಳಗೆ ಮಲಗಿ ಕೆಲಸ ಮಾಡುವವರಲ್ಲಿ ಒಬ್ಬರಾದರೂ "ನಾ ಶಿವಪ್ರಕಾಶ ಸರ್ ಕೈಯಾಗ ಕಲ್ತಾವ್ರಿ" ಎಂದು ಹೇಳುವುದನ್ನು ಕೇಳಬಹುದು. ವಾಹನ ದುರಸ್ತಿಯೆಂದರೆ ಬೈಗುಳ ತಿಂದು, ವರ್ಷಗಟ್ಟಲೆ ಪಾನಾ, ಸ್ಪ್ಯಾನರು ಎತ್ತಿಕೊಟ್ಟು, ಕದ್ದು ನೋಡಿ ಕಲಿಯುವ ವಿದ್ಯೆ ಎಂಬ ಭಾವನೆ ಬೇರೂರಿದ್ದ ಕಾಲದಲ್ಲಿ, ಅದನ್ನು ಕಾರಣ ಹೇಳಿ ಕಲಿಸುವ ವಿದ್ಯೆಯನ್ನಾಗಿ ಮಾಡಿದ ಶ್ರೀ ಶಿವಪ್ರಕಾಶ ಮಾಲಿಪಾಟೀಲರು ಈ ತಿಂಗಳು ಕೈಗಾರಿಕಾ ತರಬೇತಿ ಸಂಸ್ಥೆಯ ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ. ಅವರ ಶಿಷ್ಯೆಯಾಗಿದ್ದು, ಈಗ ಅವರಂತೆಯೇ ಈ ವಿದ್ಯೆಯ ಪಾಠ ಹೇಳುವ ವೃತ್ತಿಯಲ್ಲಿರುವ ನನಗೆ ಈ ಅಭಿನಂದನಾ ಸಂಪುಟದಲ್ಲಿ ಬರೆಯುವ ಅವಕಾಶ ಸಿಕ್ಕಿದ್ದು ನನ್ನ ಭಾಗ್ಯವೆಂದೇ ಭಾವಿಸಿದ್ದೇನೆ.

ಗುರುಗಳ ಸೇವೆ ಆರಂಭವಾದದ್ದು ಜೇವರ್ಗಿಯಲ್ಲಿ. ಅಲ್ಲಿಂದ ಅಫಜಲಪುರಕ್ಕೆ ವರ್ಗವಾಗಿ ಹೋದ ವರ್ಷ ಭೀಮಾ ನದಿ ತುಂಬಿ ಹರಿದು, ಸೊನ್ನ, ಘತ್ತರಗಿ ಕಡೆಯ ಹುಡುಗರು ಪರೀಕ್ಷೆಯ ಹೊತ್ತಿನಲ್ಲಿ ಊರಿಗೆ ಹೋಗಲಾರದೆ ಉಳಿದುಬಿಟ್ಟಾಗ, ಅವರನ್ನೆಲ್ಲ ತಮ್ಮ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಇಟ್ಟುಕೊಂಡವರು ಗುರುಗಳು; ನೀರು ಇಳಿಯುವವರೆಗೂ ಬೇಸರಿಸದೆ ಜೋಳದ ರೊಟ್ಟಿ ಬಡಿದು ಹಾಕಿದವರು ಅವರ ಧರ್ಮಪತ್ನಿ ಜಯಮಾಲಾ ಅವರು. ಆ ಹುಡುಗರಲ್ಲಿ ಹಲವರು ಇಂದಿಗೂ ಆ ಮನೆಯನ್ನು ಅವ್ವನ ಮನೆ ಎಂದೇ ಕರೆಯುತ್ತಾರೆ.

ನಾನು ಅವರನ್ನು ಕಂಡದ್ದು ಆಳಂದದಲ್ಲಿ. ಮೋಟಾರು ವಾಹನದ ವಿಭಾಗಕ್ಕೆ ಆ ವರ್ಷ ಸೇರಿದ ಹುಡುಗಿಯರು ನಾನು ಮತ್ತು ಪ್ಯಾರಿಬಿ ಇಬ್ಬರೇ. ಲಾರಿಯ ಗಾಲಿ ಎತ್ತಲಾರದೆ ನಾನು ಹಿಂದೆ ಸರಿದು ನಿಂತಿದ್ದಾಗ, ಗುರುಗಳು ಹೈದರಾಬಾದಿನಿಂದ ತಂದಿದ್ದ, ರಿಮೋಟಿನಿಂದ ಓಡುವ ಮೊಳದುದ್ದದ ಕಾರೊಂದನ್ನು ನನ್ನ ಮುಂದಿಟ್ಟು, "ಇದನ್ನ ಬಿಚ್ಚು ವೃಂದಾ. ಇದಕ್ಕ ಸಣ್ಣ ಬೆರಳೇ ಬೇಕು" ಎಂದರು. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ದೂರ, ಒಳಗಿನ ಗಾಲಿ ಕಡಿಮೆ ದೂರ ಓಡಬೇಕಾಗುತ್ತದೆ. ಎರಡಕ್ಕೂ ಹೊಂದಾಣಿಕೆ ಮಾಡಿಕೊಡುವುದು ಡಿಫರೆನ್ಶಿಯಲ್. ಈ ಪುಟ್ಟ ಕಾರಿನಲ್ಲಿ ಅದು ಲಾರಿಯದರಂತಲ್ಲ. ಒಂದು ಗೇರಿನ ರಂಧ್ರಗಳಲ್ಲಿ ಸಾಸಿವೆ ಕಾಳಿನಷ್ಟು ಉಕ್ಕಿನ ಗುಂಡುಗಳು ಕೂತಿರುತ್ತವೆ. ಅವುಗಳ ಎರಡೂ ಬದಿಗೆ ಉಂಗುರದಂಥ ಬಿಲ್ಲೆಗಳು. ಎಲ್ಲವನ್ನೂ ಒತ್ತಿ ಹಿಡಿಯುವುದು ಒಂದೇ ಒಂದು ಉದ್ದನೆಯ ಸ್ಕ್ರೂ. ಅದು ಸಡಿಲವಾದರೆ ಗುಂಡು ಜಾರುತ್ತದೆ, ಅತಿಯಾಗಿ ಬಿಗಿಯಾದರೆ ಒಳಗೆಲ್ಲ ಜಜ್ಜಿಹೋಗುತ್ತದೆ. ಉಳಿದೆಲ್ಲಕ್ಕೂ ಕಾರಣ ಹೇಳುತ್ತಿದ್ದ ಗುರುಗಳು, ಎಷ್ಟು ಬಿಗಿಯಬೇಕೆಂದು ಕೇಳಿದರೆ ಮಾತ್ರ ಬಾಯಿ ತೆರೆಯುತ್ತಿರಲಿಲ್ಲ. ನಮ್ಮ ಕೈಯ ಮೇಲೆ ತಮ್ಮ ಕೈಯಿಟ್ಟು ತಿರುವಿಬಿಡುತ್ತಿದ್ದರು.

ನಾವು ಎರಡನೆಯ ವರ್ಷಕ್ಕೆ ಬಂದಾಗ ಗುರುಗಳಿಗೆ ಲಕ್ವಾ ಹೊಡೆಯಿತು. ಕಾಲು ಚೇತರಿಸಿತು, ಮಾತು ಮರಳಿತು, ಆದರೆ ಬಲಗೈ ಮರಳಲಿಲ್ಲ. ಕೆಲಸಕ್ಕೆ ಹಾಜರಾದ ಮೇಲೆ ಅವರು ಆ ಕೈಯನ್ನು ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡು ತರಗತಿಯ ಮೂಲೆಯಲ್ಲಿ ನಿಂತುಬಿಡುತ್ತಿದ್ದರು. ಪ್ರಶ್ನೆ ಕೇಳಿದರೆ, "ಪುಸ್ತಕದಾಗ ಅದ, ನೋಡ್ರಿ" ಎನ್ನುತ್ತಿದ್ದರು. ಅವರ ಬಾಯಿಂದ ನಾವು ಎಂದೂ ಕೇಳಿರದ ಮಾತು ಅದು.

ಅದೇ ವರ್ಷ ಜೇವರ್ಗಿಯಲ್ಲಿ ಸುತ್ತಲಿನ ತರಬೇತಿ ಸಂಸ್ಥೆಗಳ ಮಾದರಿ ವಾಹನ ಸ್ಪರ್ಧೆ ಏರ್ಪಟ್ಟಿತ್ತು. ಹಿಂದಿನ ವಾರ ಗುರುಗಳು, ಒಮ್ಮೆ ನೋಡಿ ಕೊಡುತ್ತೇನೆಂದು, ನಾನೂ ಪ್ಯಾರಿಬಿಯೂ ಸ್ಪರ್ಧೆಗೆ ಒಯ್ಯಲಿದ್ದ ಅದೇ ಪುಟ್ಟ ಕಾರನ್ನು ಮನೆಗೆ ಒಯ್ದು ತಂದುಕೊಟ್ಟಿದ್ದರು. ಬೆಳಗಿನ ಸುತ್ತಿನಲ್ಲಿ ಪ್ಯಾರಿಬಿ ರಿಮೋಟು ಒತ್ತಿದಾಗ ಮೋಟಾರು ಕಿರುಚಿತು, ಹಿಂದಿನ ಗಾಲಿಗಳ ನಡುವೆ ಕರ್ಕಶ ಸದ್ದೆದ್ದಿತು, ಕಾರು ಮಾತ್ರ ಒಂದು ಗೇಣು ಮುಂದೆ ಹೋಗಿ ನಿಂತಿತು. ಸುತ್ತ ನೆರೆದವರು ನಕ್ಕರು. "ಹೆಣ್ಮಕ್ಕಳು ಬಿಗಿದ್ರ ಇಷ್ಟೇ" ಎಂದು ಯಾರೋ ಹಿಂದಿನಿಂದ ಕೂಗಿದರು.

ಗುರುಗಳು ಎಲ್ಲರ ನಡುವೆ ಬಂದು ನಿಂತರು. "ಇದನ್ನ ಬಿಗಿದಾವ ನಾನು. ಎಡಗೈಲಿಂದ ಆಗ್ತದೇನೋ ಅಂತ ಮನ್ಯಾಗ ಬಿಚ್ಚಿ ಕೂಡಿಸಿದ್ದೆ. ಹುಡುಗ್ಯಾರದು ಏನೂ ತಪ್ಪಿಲ್ರಿ" ಎಂದು ಗಟ್ಟಿಯಾಗಿ ಹೇಳಿದರು. ಆಮೇಲೆ ಬೇವಿನ ಮರದ ಕೆಳಗಿನ ಕಟ್ಟೆಯ ಮೇಲೆ ಹೋಗಿ ಕೂತರು. ನಾವು ಹತ್ತಿರ ಹೋದಾಗ, "ಸೋಮವಾರ ನೌಕರಿ ಬಿಡ್ತೇನಿ ಅಂತ ಬರಕೊಡ್ತೇನಿ. ಕೈ ಇಲ್ಲದಾವ ಇದನ್ನ ಏನ್ ಕಲಸ್ತಾನ?" ಎಂದರು. ಅವರ ಕಣ್ಣುಗಳು ತುಂಬಿದ್ದವು.

ಪ್ಯಾರಿಬಿ ಅವರ ಪಕ್ಕದಲ್ಲಿ ತನ್ನ ದುಪಟ್ಟಾ ಹಾಸಿ, ಅದರ ಮೇಲೆ ಕಾರನ್ನೂ ಸಾಮಾನಿನ ಪೆಟ್ಟಿಗೆಯನ್ನೂ ಇಟ್ಟಳು. "ಸರ್, ಕೈ ನಮ್ಮವು ಅದಾವಲ್ರಿ. ಬಾಯಿ ನಿಮ್ದು ಕೊಡ್ರಿ. ಎರಡನೇ ಸುತ್ತು ಊಟ ಆದ ಮ್ಯಾಲ ಅದ."

ಗುರುಗಳು ಕಾರಿನ ಕಡೆ ಬಾಗಿದರು. ಆಮೇಲೆ ಕೇಳಿದರು: "ಎರಡೂ ಗಾಲಿ ಗಟ್ಟಿ ಹಿಡದು ಗೇರ್ ತಿರುವಿ ನೋಡು. ಜಾರ್ತದೇನು?"

ನಾನು ತಿರುವಿ ನೋಡಿ, "ಜಾರ್ತದ್ರಿ ಸರ್" ಎಂದೆ. ಸ್ಕ್ರೂ ಬಿಗಿಯಲು ಕೈ ಹಾಕಿದೆ.

"ಬ್ಯಾಡ! ಜಾರಿದ್ದು ಒಳಗ ಗೀರು ಮಾಡಿರ್ತದ. ಅದರ ಮ್ಯಾಲೇ ಬಿಗಿದ್ರ ಮತ್ತ ಕೆಡ್ತದ. ಮೊದಲ ಬಿಚ್ಚು."

ಬಿಚ್ಚಿದೆವು. ಅವರು ಹೇಳಿದಂತೆಯೇ ಬಿಲ್ಲೆಗಳ ಮೇಲೆ ಗುಂಡು ಜಾರಿದ ಗೀರುಗಳಿದ್ದವು. ಗುಂಡುಗಳೂ ಮೊದಲಿನ ಹೊಳಪು ಕಳೆದುಕೊಂಡಿದ್ದವು. ಪೆಟ್ಟಿಗೆಯಲ್ಲಿ ಹೊಸ ಗುಂಡುಗಳಿದ್ದವು, ಹೊಸ ಬಿಲ್ಲೆಗಳಿರಲಿಲ್ಲ. ನಾವು ಕಂಗಾಲಾದೆವು. "ಬಿಲ್ಲೆಗೆ ಎರಡು ಮುಖ ಇರ್ತಾವಲ್ಲ, ತಿರುವಿ ಹಾಕ್ರಿ" ಎಂದರು ಗುರುಗಳು. ಅಷ್ಟು ಹೇಳುವಾಗ ಅವರ ದನಿಯಲ್ಲಿ ಹಳೆಯ ತರಗತಿಯ ಗತ್ತು ಬಂದಿತ್ತು. ಹಳೆಯ ಗ್ರೀಸನ್ನು ಪೆಟ್ರೋಲಿನಿಂದ ತೊಳೆದು, ಒರೆಸಿ, ಹೊಸ ಗ್ರೀಸು ಸವರಿ, ಒಂದೊಂದೇ ಗುಂಡನ್ನು ಚಿಮಟಾದಿಂದ ಎತ್ತಿ ಕೂಡಿಸಿದೆವು. ಉಳಿದದ್ದು ಸ್ಕ್ರೂ.

"ಎಷ್ಟು ಬಿಗೀಲಿ ಸರ್?"

ರೂಢಿಯಂತೆ ಅವರ ಬಲ ಭುಜ ಅಲುಗಿತು, ಕೈ ಮಾತ್ರ ಜೇಬಿನಿಂದ ಹೊರಬರಲಿಲ್ಲ. ಅವರು ಕಣ್ಣು ಮುಚ್ಚಿ, ಎಡಗೈಯ ಬೆರಳುಗಳನ್ನು ಗಾಳಿಯಲ್ಲಿ ತಿರುವುತ್ತ, ಇಷ್ಟು ವರ್ಷ ಕೈಗಷ್ಟೇ ಗೊತ್ತಿದ್ದುದಕ್ಕೆ ಮಾತು ಹುಡುಕಿದರು. "ಒಮ್ಮೆಲೇ ಬಿಗೀಬ್ಯಾಡ. ಸ್ವಲ್ಪ ಬಿಗಿ, ಗಾಲಿ ತಿರುವು, ಮತ್ತ ಸ್ವಲ್ಪ ಬಿಗಿ. ಒಂದು ಗಾಲಿ ಮುಂದ ತಿರುವಿದ್ರ ಇನ್ನೊಂದು ಹಿಂದ ಹೋಗಬೇಕು, ನಡುವ ಮರಳು ಸಿಕ್ಕಂಗ ಅನಿಸಬಾರದು. ಆಮ್ಯಾಲ ಎರಡೂ ಗಾಲಿ ಹಿಡದು ಹೆಬ್ಬಟ್ಟಿನಿಂದ ಗೇರ್ ಒತ್ತು. ಹೆಬ್ಬಟ್ಟು ಸೋಲಬೇಕು, ಗೇರ್ ಸೋಲಬಾರದು."

ನನ್ನ ಹೆಬ್ಬಟ್ಟು ಸೋತಿತು. "ಆಯ್ತ್ರಿ ಸರ್" ಎಂದೆ. ಪ್ಯಾರಿಬಿ ಒತ್ತಿ ನೋಡಿ ತಲೆಯಾಡಿಸಿದಳು. ಆಗ ಅವರು ಬಲಗೈಯನ್ನು ಎಡಗೈಯಿಂದ ಹಿಡಿದು ಜೇಬಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡು, ಕಾರನ್ನು ಪಕ್ಕಕ್ಕೆ ಎಳೆದುಕೊಂಡು ನಕ್ಕರು. ಎಷ್ಟೋ ತಿಂಗಳ ನಂತರ ನಾವು ಕಂಡ ನಗು ಅದು.

ಮಧ್ಯಾಹ್ನದ ಸುತ್ತಿನಲ್ಲಿ ನಮ್ಮ ಕಾರು ಎಲ್ಲ ತಿರುವುಗಳನ್ನೂ ಜಾರದೆ ದಾಟಿ ಎರಡನೆಯದಾಗಿ ಬಂತು. ಬೆಳಗ್ಗೆ ಕೂಗಿದ್ದವನೇ ಬಂದು, ಯಾವ ಗ್ರೀಸು ಹಾಕಿದಿರೆಂದು ಪ್ಯಾರಿಬಿಯನ್ನು ಕೇಳಿಕೊಂಡು ಹೋದ. ಸೋಮವಾರ ಗುರುಗಳು ನೌಕರಿ ಬಿಡಲಿಲ್ಲ, ತರಗತಿಗೆ ಬಂದು, "ಯಾರು ಬಿಚ್ತೀರಿ? ನಾ ಹೇಳ್ತೇನಿ" ಎಂದರು. ಅಂದಿನಿಂದ ಇಂದಿನವರೆಗೆ ಅವರು ಕೈಯಿಡದೆ ಕಲಿಸಿದ ಪಾಠ, ಮೊದಲು ಕೈಯಿಟ್ಟು ಕಲಿಸಿದ್ದಕ್ಕಿಂತ ಆಳವಾದದ್ದೆಂದು ಎರಡನ್ನೂ ಉಂಡ ನಾನು ಹೇಳಬಲ್ಲೆ. ಅಫಜಲಪುರದಲ್ಲಿ ಟ್ರ್ಯಾಕ್ಟರು ದುರಸ್ತಿಯ ಅಂಗಡಿ ನಡೆಸುವ ಪ್ಯಾರಿಬಿ, ಕೆಲಸದಲ್ಲಿ ತೊಡಕು ಬಂದಾಗ ಈಗಲೂ ಅವರಿಗೇ ಫೋನು ಮಾಡುತ್ತಾಳೆ. ಅವರು ಉತ್ತರ ಹೇಳದೆ, ಅವಳಿಗೇ ಹೊಳೆಯುವವರೆಗೆ ಪ್ರಶ್ನೆ ಕೇಳುತ್ತಾರೆ.

ಮೊನ್ನೆ ಅವರ ಮನೆಗೆ ಹೋಗಿ, ನಿವೃತ್ತಿಯ ನಂತರ ಏನು ಮಾಡುವಿರೆಂದು ಕೇಳಿದೆ. ಜಯಮಾಲಾ ಅಮ್ಮನವರು, "ಮನ್ಯಾಗ ಕೂಡೋ ಮನುಷ್ಯಾರೇನಬೇ ಇವರು?" ಎಂದು ನಕ್ಕರು. ಗುರುಗಳು, "ಮುಂದಿನ ವಾರ ನಿನ್ನ ಕ್ಲಾಸಿಗಿ ಬರ್ತೇನಿ. ಹಿಂದಿನ ಬೆಂಚ್ ಖಾಲಿ ಇಡು. ನೀ ಹೆಂಗ ಹೇಳ್ತಿ ಕೇಳಬೇಕು" ಎಂದರು.

ಅವರಿಗೆ ಆಯುಸ್ಸು, ಆರೋಗ್ಯ ಎರಡೂ ತುಂಬಿ ಬರಲಿ. ಅವರ ಪ್ರಶ್ನೆಗಳು ಈ ಮೂರು ತಾಲೂಕುಗಳ ಮಕ್ಕಳನ್ನು ಇನ್ನೂ ಬಹುಕಾಲ ಕಾಡಲಿ. ಬೆಂಚು ಒರೆಸಿ ಇಟ್ಟಿದ್ದೇನೆ, ಸರ್. ಬರ್ರಿ.

ವೃಂದಾ ಕುಲಕರ್ಣಿ
ಜೇವರ್ಗಿ