ಸದ್ದು ಅಡಗುವ ಕಡೆ

ಹೋದ ವಾರ ಅಟ್ಟ ಗುಡಿಸುವಾಗ ಹಳೆಯ ಟ್ರಾನ್ಸಿಸ್ಟರ್ ಒಂದು ಕೈಗೆ ಸಿಕ್ಕಿತು. ಅದರ ಚರ್ಮದ ಕವಚ ಬಿರುಕು ಬಿಟ್ಟಿತ್ತು. ಗುಂಡಿ ಬಿಚ್ಚಿದ ಕೂಡಲೇ ನಶ್ಯದ ವಾಸನೆ ಬಂತು. ವಾಸನೆಯ ಹಿಂದೆಯೇ ಮಾವನೂ ಬಂದರು...

ಸ್ವಂತ ಮಾವನಲ್ಲ, ಪಕ್ಕದ ಮನೆಯವರು. ನಾನು ಈ ಊರಿಗೆ ಸೊಸೆಯಾಗಿ ಬಂದವಳಾದ್ದರಿಂದ ಅವರನ್ನು ಮಾವ ಎಂದೂ ಅವರ ಹೆಂಡತಿಯನ್ನು ಅತ್ತೆ ಎಂದೂ ಕರೆಯುತ್ತಿದ್ದೆ. ಮಾವ ಸರ್ಕಾರಿ ನೌಕರಿಯಲ್ಲಿ ವೈರ್‌ಲೆಸ್ ಆಪರೇಟರ್ ಆಗಿದ್ದು, ನಿವೃತ್ತರಾದ ಮೇಲೆ ಊರಿಗೆ ಮರಳಿದ್ದರು. ಮನೆಯಲ್ಲಿ ದೂರದ ಊರಿನವರೊಡನೆ ಸಂಪರ್ಕಿಸುವ ಹ್ಯಾಮ್ ರೇಡಿಯೊ ಇಟ್ಟುಕೊಂಡಿದ್ದರು. ಅದರ ಲೈಸೆನ್ಸನ್ನು ದೇವರ ಪಟಗಳ ಸಾಲಿನಲ್ಲೇ ಕಟ್ಟು ಹಾಕಿಸಿ ತೂಗುಹಾಕಿದ್ದರು. ಮನೆಯ ಸೂರಿನಿಂದ ಹುಣಸೆ ಮರದವರೆಗೆ ಅದರ ಏರಿಯಲ್ ತಂತಿ ಎಳೆದಿದ್ದರು. ದಿನಾ ಬೆಳಿಗ್ಗೆ ಏಳಕ್ಕೆ ರೇಡಿಯೊದ ಮುಂದೆ ಕುಳಿತರೆ ಅರ್ಧ ಗಂಟೆ ಯಾರೂ ಮಾತಾಡಿಸುವ ಹಾಗಿರಲಿಲ್ಲ.

ಆ ಹೊತ್ತಿನಲ್ಲಿ ಅವರ ಹಳೆಯ ಜೊತೆಗಾರರೊಬ್ಬರು ಕೋಳಿಕ್ಕೋಡಿನಿಂದ ಸಿಗುತ್ತಿದ್ದರು. ಇಬ್ಬರೂ ಬಹಳ ವರ್ಷ ಒಂದೇ ಕಡೆ ಕೆಲಸ ಮಾಡಿದವರು. ಫೋನಿನಲ್ಲೇ ಮಾತಾಡಬಹುದಲ್ಲ ಎಂದು ನಾನೊಮ್ಮೆ ಕೇಳಿದ್ದೆ.

"ಲಕ್ವ ಒಡ್ದು ಅವನ್ ಮಾತು ಬಿದ್ದೋಯ್ತು ಕಣಮ್ಮಿ. ಕಣ್ಣೂ ಮಂಜು. ಫೋನ್ ತಕಂಡು ಏನ್ ಮಾಡಾನು? ತಂತಿ ಸುದ್ದಿ ಕುಟ್ಟೋ ಬೆರಳು ಒಂದು ಉಳ್ಕಂಡದೆ."

ಒಂದೊಂದು ಅಕ್ಷರಕ್ಕೂ ಗಿಡ್ಡ, ಉದ್ದ ಸದ್ದು ಕುಟ್ಟುವ ಮೋರ್ಸ್ ಸಂಕೇತವೇ ಆ ಮನುಷ್ಯನ ಮಾತಾಗಿತ್ತು. ಅದನ್ನು ಕೇಳಿ ಮಾವ ಒಬ್ಬರೇ ನಗುತ್ತಿದ್ದರು.

ಒಂದು ವರ್ಷ ಆ ಸದ್ದಿನ ಮೇಲೆ ಬೇರೊಂದು ಸದ್ದು ಕೂತಿತು. ಟಕ್, ಟಕ್, ಟಕ್... ಸೆಕೆಂಡಿಗೊಂದರಂತೆ, ನಿಲ್ಲದೆ. ಎಲ್ಲಿಂದ ಬರುತ್ತದೆಂದು ಗೊತ್ತಾಗಲಿಲ್ಲ. ಮಾವ ಈ ಟ್ರಾನ್ಸಿಸ್ಟರನ್ನು ಕೈಯಲ್ಲಿ ಹಿಡಿದು ಊರು ಸುತ್ತತೊಡಗಿದರು. ಬೀದಿ ದೀಪದ ಕಂಬ, ಹಿಟ್ಟಿನ ಗಿರಣಿ, ನೀರಿನ ಮೋಟರು, ಒಂದೊಂದರ ಹತ್ತಿರವೂ ನಿಂತು ಅದನ್ನು ತಿರುಗಿಸಿ ಕೇಳುತ್ತಿದ್ದರು.

"ಏನ್ ಮಾವ, ಕಂಬಕ್ಕೆ ಜ್ವರ ಬಂದದಾ?" ಎಂದು ಟೀ ಅಂಗಡಿಯಲ್ಲಿ ಕೂತವರು ರೇಗಿಸುತ್ತಿದ್ದರು.

"ಬಾಯ್ಲಾ ಇಲ್ಲಿ, ನಿನ್ ನಾಲ್ಗೆಗೂ ಇಟ್ ನೋಡ್ತೀನಿ. ಅದೂ ಸುಮ್ನೆ ಬಡ್ಕತಾ ಇರ್ತದೆ" ಎಂದು ಇವರೂ ಬಿಡುತ್ತಿರಲಿಲ್ಲ.

ಐದಾರು ದಿನದ ನಂತರ ಅವರು ನಮ್ಮ ಹೊಲದ ಬದುವಿಗೆ ಬಂದು ನಿಂತರು. ಕೈಯಲ್ಲಿ ಊರಿನ ನಕ್ಷೆ ಬರೆದ ಹಾಳೆ ಇತ್ತು. ಶಾಲೆಯ ಹತ್ತಿರದಿಂದ ಸದ್ದಿನ ದಿಕ್ಕಿಗೆ ಒಂದು ಗೆರೆ, ಕೆರೆ ಏರಿಯಿಂದ ಒಂದು ಗೆರೆ. ಎರಡೂ ನಮ್ಮ ಹೊಲದಲ್ಲಿ ಕೂಡಿದ್ದವು.

ನಮ್ಮದು ಗೋಪಾಲಸ್ವಾಮಿ ಬೆಟ್ಟದ ತಪ್ಪಲು. ಕಾಡು ಹೊಲಕ್ಕೆ ಅಂಟಿಕೊಂಡೇ ಇದೆ. ಆ ವರ್ಷವೇ ನಾವು ಕಾಡುಪ್ರಾಣಿಗಳು ನುಗ್ಗದಂತೆ ಸೋಲಾರ್ ಬೇಲಿ ಹಾಕಿಸಿದ್ದೆವು. ಅದರ ಡಬ್ಬಿ ಸೆಕೆಂಡಿಗೊಮ್ಮೆ ತಂತಿಗೆ ಕರೆಂಟು ಬಡಿಯುತ್ತದೆ. ಹಗಲೂ ರಾತ್ರಿ ಆನ್ ಇರುತ್ತಿತ್ತು. ಮಾವನ ರೇಡಿಯೊದಲ್ಲಿ ಕೂತಿದ್ದು ಆ ಬಡಿತ.

ಅವರು ಟ್ರಾನ್ಸಿಸ್ಟರನ್ನು ನನ್ನ ಕೈಗೆ ಕೊಟ್ಟು ತಿರುಗಿಸಿ ನೋಡು ಎಂದರು. "ಸದ್ದು ಜೋರಾಗೋದ ನೋಡ್ಬ್ಯಾಡ. ಎಲ್ಲಿ ಅಡಗ್ತದೆ ನೋಡು. ಇದ್ರ ತುದಿ ಯಾವ್ ಕಡೀಕೆ ತಿರುಗ್ದಾಗ ಸದ್ದು ಅಡಗ್ತದೋ, ಮೂಲ ಆ ಕಡೀಕೇ ಇರೋದು." ಹಾಗೆಯೇ ಆಯಿತು. ತುದಿ ಡಬ್ಬಿಯ ಕಡೆ ತಿರುಗಿದಾಗ ಟಕ್ ಟಕ್ ಕುಗ್ಗಿ ಹೋಯಿತು.

ಗಿಡ ತಗುಲಿದಲ್ಲಿ ಕಿಡಿ ಹಾರಿ ಸದ್ದು ಹೆಚ್ಚುತ್ತದೆಂದು ಬೇಲಿಗೆ ತಗುಲಿದ್ದ ಲಂಟಾನ ಪೊದೆಯನ್ನೆಲ್ಲ ಅವರೇ ಕೂತು ಕತ್ತರಿಸಿದರು. ಸದ್ದು ಸ್ವಲ್ಪ ಇಳಿಯಿತೇ ಹೊರತು ಹೋಗಲಿಲ್ಲ. ಕೊನೆಗೆ ಸಂಕೋಚದಿಂದ ಕೇಳಿದರು, ಏಳರಿಂದ ಏಳೂವರೆವರೆಗೆ ಮಾತ್ರ ಆಫ್ ಮಾಡಲು ಆಗುತ್ತದೆಯೇ ಎಂದು. ಅದೇನು ದೊಡ್ಡ ವಿಷಯ ಎಂದು ಒಪ್ಪಿಕೊಂಡೆ. ಗಿಡ ತಗುಲಿದರೆ ತಿಳಿಯುತ್ತದೆಂದು ಟ್ರಾನ್ಸಿಸ್ಟರನ್ನು ನನ್ನ ಹತ್ತಿರವೇ ಬಿಟ್ಟರು.

ಎರಡು ವಾರ ಎಲ್ಲ ಸರಿಯಾಗಿ ನಡೆಯಿತು. ಒಂದು ದಿನ ಏಳಕ್ಕೆ ಆಫ್ ಮಾಡಿ ಮನೆಗೆ ಬಂದರೆ ಮಗಳ ಮೈ ಕೆಂಡದಂತೆ ಸುಡುತ್ತಿತ್ತು. ಅವಳನ್ನು ಎತ್ತಿಕೊಂಡು ಗುಂಡ್ಲುಪೇಟೆಗೆ ಬಸ್ಸು ಹತ್ತಿದೆ. ಸಂಜೆ ವಾಪಸು ಬಂದಾಗಲೂ ಬೇಲಿ ನೆನಪಾಗಲಿಲ್ಲ...

ಮಾರನೆಯ ಬೆಳಿಗ್ಗೆ ನೋಡಿದರೆ ಮುಸುಕಿನ ಜೋಳ ನೆಲಕ್ಕೆ ಒರಗಿತ್ತು. ಕಾಡುಹಂದಿಗಳು ಅರ್ಧ ಹೊಲ ಮುಗಿಸಿದ್ದವು. ನನ್ನ ಗಂಡ ಚಾಮರಾಜನಗರದ ಆಫೀಸೊಂದರಲ್ಲಿ ಅಟೆಂಡರ್. ರಜಾ ಹಾಕಿ ಬಿತ್ತಿದ ಬೆಳೆ ಅದು. "ಯಾರೋ ಟಕ್‌ಟಕ್ ಅಂತ ಕುಟ್ಕಳಕ್ಕೆ ನಮ್ ಜ್ವಾಳ ಹಂದಿಗ್ ಬುಟ್ಯಾ?" ಎಂದು ಕೂಗಾಡಿದರು. ಮಾವ ಬದುವಿನ ಆಚೆ ನಿಂತಿದ್ದರು. ಎಲ್ಲವೂ ಅವರ ಕಿವಿಗೆ ಬಿತ್ತು. ತಪ್ಪು ನನ್ನದು ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ. ಮಾವ ಬದು ದಾಟಿ ಒಳಗೆ ಬಂದು, ಉಳಿದಿದ್ದ ತೆನೆಗಳನ್ನು ನಮ್ಮ ಜೊತೆ ಮಧ್ಯಾಹ್ನದವರೆಗೆ ಆರಿಸಿದರು.

ನಾಲ್ಕು ದಿನ ಬಿಟ್ಟು ಬಾಗಿಲಿಗೆ ಬಂದರು. "ನಮ್ ತಂತಿ ಬದ್ಲಾಯಿಸ್ಬುಟ್ಟೆ ಕಣಮ್ಮಿ. ಈಗ ಟಕ್ ಟಕ್ ಇಲ್ವೇ ಇಲ್ಲ. ಇನ್ಮ್ಯಾಲೆ ನೀನು ಬೇಲಿ ಆಫ್ ಮಾಡ್ಬ್ಯಾಡ" ಎಂದರು. ನನಗೆ ಆ ಮಾತನ್ನು ನಂಬುವುದು ಸುಲಭವಾಗಿತ್ತು. ನಂಬಿದೆ. ನಾಚಿಕೆಯಾಗಿ ಟ್ರಾನ್ಸಿಸ್ಟರನ್ನು ಅಟ್ಟದ ಮೇಲಿಟ್ಟೆ.

ಅದಾಗಿ ಆರು ವರ್ಷ. ಹೋದ ಕಾರ್ತಿಕದಲ್ಲಿ ಮಾವ ತೀರಿಕೊಂಡರು.

ಹೋದ ವಾರ ಅದಕ್ಕೆ ಹೊಸ ಸೆಲ್ ಹಾಕಿದೆ. ಟಕ್, ಟಕ್, ಟಕ್... ಅಂಗಳಕ್ಕೆ ಹೋಗಿ ತಿರುಗಿಸಿದೆ. ಸದ್ದು ಅಡಗಿದ್ದು ನಮ್ಮ ಹೊಲದ ಕಡೆಗೇ. ನೇರ ಅತ್ತೆಯ ಬಳಿಗೆ ಹೋಗಿ, ಮಾವನಿಗೆ ಇದು ಕೇಳುತ್ತಿತ್ತೇ ಎಂದು ಕೇಳಿದೆ.

ಅತ್ತೆ ಟ್ರಾನ್ಸಿಸ್ಟರನ್ನು ಕೈಗೆ ತೆಗೆದುಕೊಂಡರು. "ಕೊನೇಗಂಟ ಇದೇ ಕೇಳ್ತಿದ್ದುದು. ನಿಂಗೆ ಹೇಳ್ಕೂಡ್ದು ಅಂದಿದ್ರು. ದಿನಾ ಏಳಕ್ಕೆ ಕೂತು ಇವ್ರು ಕುಟ್ಟೋರು, ಆ ಕಡೇದು ಏನೂ ತಿಳೀತಿರ್ನಿಲ್ಲ. ಯಾಕಾದ್ರೂ ಕುಟ್ಟೀರಿ ಅಂದ್ರೆ, 'ಗಲಾಟೆ ಇರೋದು ನನ್ ಕಿವೀಗೆ ಕಣೆ, ಅವನ್ಗೆ ಚೆನ್ನಾಗೇ ಕೇಳ್ತದೆ' ಅನ್ನೋರು."

ಅಷ್ಟೂ ವರ್ಷ... ಉತ್ತರ ಕೇಳಿಸದೆ.

ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು ತಟ್ಟೆಯ ಮುಂದಿನಿಂದ ಎದ್ದು ಹೋದರು. ಮರುದಿನ ಬೆಳಿಗ್ಗೆ ಅವರೇ ಹೊಲಕ್ಕೆ ಹೊರಟರು. "ಏಳಕ್ಕೆ ಆಫ್ ಮಾಡ್ತೀನಿ. ಆನ್ ಮಾಡೋಗಂಟ ಡಬ್ಬಿ ಹತ್ರನೇ ನಿಂತಿರ್ತೀನಿ. ನೀನು ಅತ್ತೆ ತಾವ್ಕೆ ಓಗು" ಎಂದರು.

ಅತ್ತೆ ಮಾವನ ರೇಡಿಯೊದ ದೂಳು ದಿನಾ ಒರೆಸುತ್ತಾರೆ, ಡಯಲ್ಲಿನ ಮುಳ್ಳನ್ನು ಮಾತ್ರ ಅಲುಗಿಸಿಲ್ಲ. ಸ್ವಿಚ್ ಹಾಕಿದರು. ಟಕ್, ಟಕ್, ಟಕ್. ಏಳಾಯಿತು. ಟಕ್ ಟಕ್ ನಿಂತಿತು. ಅದರ ಅಡಿಯಿಂದ ಸಣ್ಣ ಸೀಟಿಯಂಥ ಸದ್ದು ಎದ್ದು ಬಂತು. ಗಿಡ್ಡ, ಉದ್ದ, ಮತ್ತೆ ಗಿಡ್ಡ. ನಡುವೆ ತಡವರಿಸುವ, ವಯಸ್ಸಾದ ಬೆರಳು. ಮಾವ ಹೋದ ಸುದ್ದಿಯನ್ನು ಕೋಳಿಕ್ಕೋಡಿನ ಮನೆಯವರು ಆ ಜೊತೆಗಾರರಿಗೆ ತಿಳಿಸಿದ್ದಾರಂತೆ. ಆದರೂ ಕುಟ್ಟುವುದನ್ನು ಬಿಟ್ಟಿಲ್ಲವಂತೆ.

ಅತ್ತೆ ನನ್ನ ಮುಖ ನೋಡಿದರು. "ಏನಂತಾ ಅವ್ರೆ?"

ಅದನ್ನು ಓದಬಲ್ಲವರು ಈ ಊರಿನಲ್ಲಿ ಒಬ್ಬರೇ ಇದ್ದರು. ಏಳೂವರೆಗೆ ಬೇಲಿ ಆನ್ ಆಗುವವರೆಗೆ ನಾವಿಬ್ಬರೂ ಕೇಳುತ್ತಾ ಕುಳಿತಿದ್ದೆವು.